ಬೀಗರನ್ನು ಛತ್ರದಿಂದ ಹೊರಗೆ ಹಾಕುವ ಕೆಲಸ

ಮದುವೆಗೆ ಬಂದ ನೆಂಟರನ್ನು ಗಾಡಿಗೆ ತುಂಬಿಕೊಂಡು ಊರು ತೋರಿಸಲು ಹೊರಟರೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ವಾಪಸ್ ಬಂದ ದಿನವನ್ನು ನಾನಂತೂ ಇನ್ನೂ ನೋಡಿಲ್ಲ.

ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದವಳು. ರಿಟೈರ್ ಆಗಿ ಗೋಪಾಳದ ಮನೆಯಲ್ಲಿ ಕಾಲು ಚಾಚಿ ಕೂತೆ ಅನ್ನುವಷ್ಟರಲ್ಲಿ ನಮ್ಮ ಬಳಗದವರು ಹೊಸ ಕೆಲಸ ಹಚ್ಚಿದರು. ಯಾರ ಮನೆಯ ಹುಡುಗಿಯ ಮದುವೆಯಾದರೂ ಸರಿ, ಗಂಡಿನ ಕಡೆಯವರನ್ನು ಒಂದು ದಿನ ಸುತ್ತಾಡಿಸಿಕೊಂಡು ಬರುವುದು ನಾನು. "ನಿಂಗೆ ಗಂಟಲಿದೆ, ಸೀಟಿ ಇದೆ, ಯಾರಿಗೂ ಹೆದರಲ್ಲ. ಇನ್ನೇನು ಬೇಕು ಮಾರಾಯ್ತಿ?" ಅಂದ ನನ್ನ ಅಣ್ಣ.

ಗಂಡಿನ ಕಡೆಯವರಿಗೆ ಗೊತ್ತಿರದ ಒಂದು ವಿಷಯವಿದೆ. ನಾವು ಅವರನ್ನು ಕರೆದುಕೊಂಡು ಹೋಗುವುದು ಆನೆ ತೋರಿಸಲು ಅಲ್ಲ. ಮದುವೆಯ ಹಿಂದಿನ ದಿನ ಬೀಗರು ಛತ್ರದಲ್ಲಿ ಸುಮ್ಮನೆ ಕೂತರೆ ಬಾತ್‌ರೂಮಿನಲ್ಲಿ ಚೊಂಬಿಲ್ಲದ್ದು, ಕಾಫಿ ಆರಿದ್ದು, ರೂಮಿನ ಫ್ಯಾನು ಕಿರುಗುಟ್ಟುವುದು ಎಲ್ಲವೂ ಕಣ್ಣಿಗೆ ಬೀಳುತ್ತದೆ. ಎದುರಿಗೆ ಆನೆ ನಿಂತಿದ್ದರೆ ಚೊಂಬು ಯಾರಿಗೆ ನೆನಪಾಗುತ್ತದೆ? ಬೆಳಿಗ್ಗೆ ಹೊರಗೆ ಹಾಕಬೇಕು, ಸಂಜೆ ನಗುನಗುತ್ತಾ ತಂದು ಎಲೆಯ ಮುಂದೆ ಕೂರಿಸಬೇಕು. ಇಷ್ಟೇ ನನ್ನ ಕೆಲಸ. ಅದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಈ ಜಿಲ್ಲೆಯಲ್ಲಿ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಲಿ ಎಂದು ಕಾಯುವ ವಯಸ್ಸು ದಾಟಿದೆ.

ಆನೆಯ ಸ್ನಾನ

ಒಮ್ಮೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೊರಟಿದ್ದೆವು. ಅಲ್ಲಿ ಆನೆಗಳು ಹೊಳೆಗಿಳಿಯುವುದು ಬೆಳಿಗ್ಗೆ ಮಾತ್ರ, ಆಮೇಲೆ ಹೋದರೆ ಲದ್ದಿ ನೋಡಿಕೊಂಡು ಬರಬೇಕು. ಹಾಗಾಗಿ ಎಲ್ಲರನ್ನೂ ಗದರಿಸಿ ಬೇಗ ಎಬ್ಬಿಸಿದ್ದೆ. ಹುಡುಗನ ಅಜ್ಜಿ ಮಾತ್ರ ಎಲ್ಲರಿಗಿಂತ ಮೊದಲೇ ಸ್ನಾನ, ಲಿಂಗಪೂಜೆ ಮುಗಿಸಿ ಹಣೆ ತುಂಬಾ ವಿಭೂತಿ ಧರಿಸಿ ಗಾಡಿಯಲ್ಲಿ ಕೂತಿದ್ದರು. ಹುಡುಗನ ಅಣ್ಣ, ಬ್ಯಾಂಕಿನಲ್ಲಿ ದೊಡ್ಡ ಆಫೀಸರು, ಚಳಿ ಎಂದು ಬರೀ ಮುಖ ತೊಳೆದು ಸೆಂಟು ಹೊಡೆದುಕೊಂಡು ಹತ್ತಿದ. ಅಜ್ಜಿಗೆ ವಾಸನೆಯಲ್ಲೇ ಗೊತ್ತಾಯಿತು. ದಾರಿಯುದ್ದಕ್ಕೂ ಅವನ ಜೊತೆ ಮಾತಿಲ್ಲ.

ಹೊಳೆಯಲ್ಲಿ ಮಾವುತ ಆನೆಯನ್ನು ಮಗ್ಗುಲಿಗೆ ಮಲಗಿಸಿಕೊಂಡು ಬ್ರಷ್ಷಿನಲ್ಲಿ ಗಸಗಸ ತಿಕ್ಕುತ್ತಿದ್ದ. ಆನೆ ಕಣ್ಣು ಮುಚ್ಚಿ ಸುಖವಾಗಿ ಬಿದ್ದುಕೊಂಡಿತ್ತು. ಅಜ್ಜಿ ದಡದಲ್ಲಿ ನಿಂತು ಕೇಳಿದರು:

"ತಿಂಡಿ ತಿಂದಿದೆಯೇನಪ್ಪಾ ಅದು?"

"ಇಲ್ಲ ಅಜ್ಜಿ. ಸ್ನಾನ ಆದ್ಮೇಲೇ ತಿಂಡಿ."

ಅಜ್ಜಿ ನಿಧಾನವಾಗಿ ಮೊಮ್ಮಗನ ಕಡೆ ತಿರುಗಿ ನೋಡಿದರು. ಅವನು ಫೋಟೊ ತೆಗೆಯುವವನಂತೆ ನಟಿಸಿದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ನೋಟು ತೆಗೆದು ಮಾವುತನ ಕಡೆ ಚಾಚಿದರು.

"ಅದರದ್ದು ಮುಗಿದ ಮೇಲೆ ಇವನನ್ನೂ ಹಂಗೇ ಮಲಗಿಸಿ ಒಂದು ಸಲ ತಿಕ್ಕಿಬಿಡಪ್ಪ."

ನೀವು ಮೊದಲು

ಇದು ಜೋಗದಲ್ಲಿ ನಡೆದದ್ದು. ಮದುವೆ ಮುಗಿದ ಮಾರನೆಯ ದಿನ ಎರಡೂ ಕಡೆಯವರು ಒಟ್ಟಿಗೆ ಹೋಗಿದ್ದೆವು. ಬುತ್ತಿಯಲ್ಲಿ ಚಪಾತಿ, ಎಣ್ಣೆಗಾಯಿ, ಚಿತ್ರಾನ್ನ, ಹೋಳಿಗೆ. ಮರದ ಕೆಳಗೆ ಜಮಖಾನ ಹಾಸಿ ಎಲೆ ಹಾಕಿ ಎಲ್ಲವನ್ನೂ ಬಡಿಸಿಟ್ಟೆವು.

ಹೆಣ್ಣಿನ ಕಡೆಯವರು ನಾವು, ಬೀಗರು ಉಂಡೇಳುವ ತನಕ ಕೂರುವಂತಿಲ್ಲ. "ಕೂತ್ಕೊಳ್ಳಿ ಬೀಗ್ರೇ," ಎಂದೆವು. ಹುಡುಗನ ತಂದೆ ಬಹಳ ಮರ್ಯಾದಸ್ಥರು. "ಎಲ್ಲಾದ್ರೂ ಉಂಟಾ? ನಿನ್ನೆಯೆಲ್ಲ ನೀವೇ ಬಡಿಸಿದ್ದೀರಿ. ಇವತ್ತು ನೀವು ಮೊದಲು," ಎಂದರು.

"ಅದೆಂಗಾಗುತ್ತೆ? ನೀವು ಮೊದಲು."

"ನೀವು ಕೂರದೆ ನಾವು ಕೂರಲ್ಲ."

"ನೀವು ಕೂರದೆ ನಾವೂ ಕೂರಲ್ಲ."

ಒಬ್ಬರು ಇನ್ನೊಬ್ಬರ ಕೈ ಹಿಡಿದು ಎಳೆಯುವುದು, ಇವರು ಬಿಡಿಸಿಕೊಂಡು ಅವರ ಭುಜ ಒತ್ತುವುದು. ದೂರದಿಂದ ನೋಡಿದವರಿಗೆ ಹೊಡೆದಾಟ ಅನ್ನಿಸಿರಬೇಕು. ಈ ಗಲಾಟೆಯಲ್ಲಿ ಯಾರೂ ಮರದ ಮೇಲೆ ನೋಡಲಿಲ್ಲ. ಕೋತಿಗಳು ಯಾವ ಕಡೆಯವೂ ಅಲ್ಲ. ಇಳಿದವು, ಒಂದೊಂದು ಎಲೆಯ ಮುಂದೆ ಒಂದೊಂದು ಕೂತವು, ಹೋಳಿಗೆಯಿಂದಲೇ ಶುರು ಮಾಡಿದವು.

ನಾನು ಸೀಟಿ ಊದುವಷ್ಟರಲ್ಲಿ ಪಂಕ್ತಿ ಮುಗಿದಿತ್ತು. ಎಲ್ಲರೂ ಪೆಚ್ಚಾಗಿ ನಿಂತರು. ಹುಡುಗನ ತಂದೆ ಮಾತ್ರ ಖಾಲಿ ಎಲೆಗಳನ್ನು ತೋರಿಸಿ ನಮಗೆ ಹೇಳಿದರು:

"ನೋಡಿ, ಹಿಂಗೆ ಸಂಕೋಚ ಇಲ್ದೆ ಕೂತ್ಕೊಳ್ಳಿ ಅಂತಲೇ ನಾನು ಆಗಿಂದ ಹೇಳಿದ್ದು."

ಎರಡು ಹೊಳೆ

ಹುಡುಗಿ ಶಿವಮೊಗ್ಗ, ಹುಡುಗ ಭದ್ರಾವತಿ. ಅಂದರೆ ಇವರದು ತುಂಗೆ, ಅವರದು ಭದ್ರೆ. ಎರಡೂ ಹೊಳೆ ಸೇರುವ ಕೂಡ್ಲಿಗೆ ಬೀಗರನ್ನು ಕರೆದುಕೊಂಡು ಹೋದರೆ ಎಷ್ಟು ಚಂದ ಎಂದು ನಾನೇ ಯೋಚಿಸಿದ್ದು. ಒಬ್ಬ ಪಿ.ಟಿ. ಟೀಚರ್ ಕವಿತ್ವಕ್ಕೆ ಕೈ ಹಾಕಬಾರದು.

ಸಂಗಮದ ದಡದಲ್ಲಿ ನಿಂತು ಹುಡುಗನ ತಂದೆ, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಕೈ ಬೀಸಿ ಹೇಳಿದರು: "ನೋಡಿ, ನಿಮ್ಮ ತುಂಗೆ ಬಂದು ನಮ್ಮ ಭದ್ರೆಗೆ ಸೇರ್ತಾಳೆ. ಹೆಣ್ಣು ಗಂಡಿನ ಮನೆಗೆ ಬರೋ ಥರ."

ಹುಡುಗಿಯ ತಂದೆ ಮಂಡಿ ವ್ಯಾಪಾರಿ, ಯಾವುದಕ್ಕೂ ಬಗ್ಗುವವರಲ್ಲ. "ಹಂಗಾದ್ರೆ ಮುಂದಕ್ಕೆ ತುಂಗಭದ್ರಾ ಅಂತ ಯಾಕೆ ಅಂತಾರೆ? ನಮ್ಮ ಹೆಸರೇ ಮೊದಲು!"

"ನಮ್ಮ ಭದ್ರೆಗೆ ಎಂಥಾ ಡ್ಯಾಮ್ ಇದೆ ಗೊತ್ತಾ?"

"ನಮ್ಮ ತುಂಗೆಗಿಲ್ವಾ? ಗಾಜನೂರು ಏನು ಬಾವಿಯಾ?"

ಮಾತು ಏರಿತು. ಇಬ್ಬರ ಮುಖವೂ ಕೆಂಪು. ನಾಳೆ ಒಂದೇ ಚಪ್ಪರದಲ್ಲಿ ಕೂರಬೇಕಾದವರು! ನಾನು ಸೀಟಿಗೆ ಕೈ ಹಾಕಿದೆ. ಅಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲಾಡಿಸುತ್ತಿದ್ದ ಹುಡುಗನ ತಾಯಿ ತಲೆ ಎತ್ತದೆಯೇ ನನಗೆ ಹೇಳಿದರು:

"ಬಿಡಿ ಟೀಚರಮ್ಮ. ಹೆಂಗಸರಿಬ್ಬರೂ ಜಗಳ ಇಲ್ದೆ ಸೇರ್ಕೊಂಡು ಆವಾಗ್ಲೇ ಮುಂದೆ ಹೋದ್ರು. ದಡದಲ್ಲಿ ನಿಂತ ಗಂಡಸರದ್ದೇ ಇನ್ನೂ ಮುಗಿದಿಲ್ಲ."

ಸಿಟ್ಟಿನ ಸೋದರಮಾವ

ಕೊನೆಯದು ನನ್ನ ಅಣ್ಣನ ಮಗಳ ಮದುವೆಯದು. ಬೀಗರು ತುಮಕೂರಿನವರು, ಒಳ್ಳೆಯ ಜನ. ಆದರೆ ಹುಡುಗನ ಸೋದರಮಾವನ ಸಿಟ್ಟಿನ ಸುದ್ದಿ ಅವರಿಗಿಂತ ಮುಂಚೆಯೇ ಶಿವಮೊಗ್ಗ ತಲುಪಿತ್ತು. ಯಾವುದೋ ಮದುವೆಯಲ್ಲಿ ಪಾಯಸಕ್ಕೆ ದ್ರಾಕ್ಷಿ ಬೀಳಲಿಲ್ಲವೆಂದು ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಿದ್ದರಂತೆ. "ಅವರನ್ನೊಂದು ನೋಡ್ಕೊಂಡು ಬಾರೇ, ನನ್ನ ಮಾನ ನಿನ್ನ ಕೈಲಿದೆ," ಎಂದು ಅಣ್ಣ ಕೈ ಹಿಡಿದುಕೊಂಡ. ಒಬ್ಬಳೇ ಮಗಳು, ಪಾಪ.

ನಾನು ಬಿಟ್ಟೇನೆ? ಮುಂದಿನ ಸೀಟು ಅವರಿಗೆ. ಸಕ್ಕರೆ ಇಲ್ಲದ ಕಾಫಿ ಬೇರೆ ಫ್ಲಾಸ್ಕಿನಲ್ಲಿ. ಡ್ರೈವರ್ ಬ್ರೇಕ್ ಹಾಕುವಾಗ ಹೂವಿನಂತೆ ಹಾಕಬೇಕು. ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹ ನಮಗೆ ಬೆನ್ನು ತಿರುಗಿಸಿ ಮಲಗಿತ್ತು. ಅದನ್ನು ಅವಮಾನ ಎಂದುಕೊಂಡಾರೆಂದು ಹೆದರಿ, "ಸಿಂಹಕ್ಕೆ ಹುಷಾರಿಲ್ವಂತೆ," ಎಂದು ಸುಳ್ಳು ಹೇಳಿದೆ. ಅವರು "ಹೂಂ," ಎಂದರು. ಮಧ್ಯಾಹ್ನ ಆಯಿತು, ಸಂಜೆ ಆಯಿತು, ಒಂದು ಗದರಿಕೆ ಇಲ್ಲ. ನಾನು ಒಳಗೊಳಗೇ ಬೀಗುತ್ತಿದ್ದೆ.

ವಾಪಸ್ ಬರುವಾಗ ಹುಡುಗನ ತಾಯಿ ನನ್ನ ಪಕ್ಕ ಬಂದು ಕೂತರು. ಮುಖ ಬಾಡಿತ್ತು.

"ಟೀಚರಮ್ಮ, ನಮ್ಮಣ್ಣನಿಗೆ ಏನು ಮಾಡಿದ್ರಿ?"

"ಯಾಕೆ? ಆರಾಮಾಗಿದ್ದಾರಲ್ಲ!"

"ಅದೇ ಭಯ ಆಗಿರೋದು. ಇನ್ನೂ ಸಿಟ್ಟೇ ಆಗಿಲ್ಲ. ನಮ್ಮನೇಲಿ ಯಾವ ಮದುವೆ ಆದ್ರೂ ಹಿಂದಿನ ದಿನವೇ ಒಂದ್ಸಲ ಸಿಟ್ಟಾಗಿ, ನಾವೆಲ್ಲ ಕಾಲು ಹಿಡಿದು, ಶಾಲು ಹೊದಿಸಿ, ಮುಗಿದುಹೋಗುತ್ತೆ. ನಮ್ಮ ದೊಡ್ಡ ಮಗನ ಮದುವೇಲಿ ಬೀಗರು ಹಿಂದಿನ ದಿನ ಅವಕಾಶಾನೇ ಕೊಡ್ಲಿಲ್ಲ. ಇವನು ಸರಿಯಾಗಿ ಧಾರೆ ಹೊತ್ತಿಗೆ ಸಿಟ್ಟಾದ. ಮುಹೂರ್ತ ಮೀರಿಹೋಯ್ತು."

ಬೆಳಿಗ್ಗೆಯಿಂದ ನಾನು ಮಾಡಿದ್ದೆಲ್ಲ ನಮ್ಮ ಹುಡುಗಿಯ ಮುಹೂರ್ತಕ್ಕೆ ಕಲ್ಲು ಹಾಕುವ ಕೆಲಸ! ಇನ್ನು ರಾತ್ರಿ ಊಟದೊಳಗೆ ಆ ಮನುಷ್ಯನಿಗೆ ಸಿಟ್ಟು ಬರಿಸಬೇಕು.

ಟೀ ಅಂಗಡಿಯ ಹತ್ತಿರ ಗಾಡಿ ನಿಲ್ಲಿಸಿ ಅವರಿಗೆ ಸಕ್ಕರೆ ಸುರಿದ ಕಾಫಿ ಕೊಟ್ಟೆ. "ಪರವಾಗಿಲ್ಲ, ಮದುವೆ ಮನೆ," ಎಂದು ಕುಡಿದರು. ಮುಂದಿನ ಸೀಟಿನಲ್ಲಿ ಹುಡುಗನ ಚಿಕ್ಕಪ್ಪನನ್ನು ಕೂರಿಸಿದೆ. ಇವರು ಹಿಂದಕ್ಕೆ ಹೋಗಿ, "ಇಲ್ಲಿ ಗಾಳಿ ಚೆನ್ನಾಗಿದೆ," ಎಂದರು. ಎಂಥಾ ಕಲ್ಲು ಮನುಷ್ಯ!

ಛತ್ರ ತಲುಪಿದವಳೇ ಊಟದ ಹಾಲಿಗೆ ಓಡಿದೆ. ಬೀಗರ ಮೊದಲ ಪಂಕ್ತಿಯಲ್ಲಿದ್ದ ಅವರ ಎಲೆ ಎತ್ತಿಸಿ, ಕೊನೆಯಲ್ಲಿ ಕಂಬದ ಹಿಂದೆ, ಕೈ ತೊಳೆಯುವ ನಲ್ಲಿಯ ಪಕ್ಕ ಹಾಕಿಸಿದೆ. ಅವರು ಬಂದರು. ಎಲೆ ನೋಡಿದರು. ಕಂಬ ನೋಡಿದರು. ನಲ್ಲಿ ನೋಡಿದರು.

"ಯಾರ್ರೀ ಇಲ್ಲಿ ಎಲೆ ಹಾಕಿಸಿದ್ದು?"

"ನಾನೇ," ಎಂದೆ ಗಟ್ಟಿಯಾಗಿ.

"ನಾನು ಹುಡುಗನ ಸೋದರಮಾವ! ನನಗೆ ಕಂಬದ ಹಿಂದೆ ಎಲೆನಾ? ಎತ್ರೋ ಪೆಟ್ಟಿಗೆ, ಹೊರಡೋಣ!"

ಛತ್ರ ನಡುಗಿತು. "ಸದ್ಯ!" ಎಂದು ಹುಡುಗನ ತಾಯಿ ಕೆನ್ನೆಗೆ ಕೈ ಬಡಿದುಕೊಂಡು ದೇವರಿಗೆ ನಮಸ್ಕಾರ ಹಾಕಿದರು. ತುಮಕೂರಿನವರೆಲ್ಲರ ಮುಖದಲ್ಲಿ ಕಳೆ ಬಂತು. ಯಾರೋ ಆಗಲೇ ಶಾಲು ಹಿಡಿದು ತಯಾರಾಗಿದ್ದರು. ಇದೊಂದೂ ಗೊತ್ತಿಲ್ಲದ ನನ್ನ ಅಣ್ಣ ಮಾತ್ರ ಬಿಳಿಚಿಕೊಂಡು, "ನಿನ್ನನ್ನ ನಂಬಿ ಕಳಿಸಿದ್ನಲ್ಲೇ!" ಎಂದು ನನ್ನನ್ನು ದುರುಗುಟ್ಟಿ ನೋಡಿ, ಓಡಿಹೋಗಿ ಅವರ ಕಾಲಿಗೆ ಬಿದ್ದ. ಕಾಲು ಹಿಡಿಯುವುದು, ಶಾಲು ಹೊದಿಸುವುದು ಎಲ್ಲ ಕ್ರಮವಾಗಿ ನಡೆದು, ಅವರು ಮೊದಲ ಎಲೆಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಂಡರು.

ಊಟವಾದ ಮೇಲೆ ವೀಳ್ಯದೆಲೆಯ ತಟ್ಟೆಯ ಹತ್ತಿರ ನನ್ನನ್ನು ಕರೆದರು. ಬೈಗುಳಕ್ಕೆ ತಯಾರಾಗಿ ಹೋದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಟೀಚರಮ್ಮ, ಬೆಳಿಗ್ಗೆಯಿಂದ ಒಂದು ತಪ್ಪೂ ಸಿಗದೆ ನಾನು ಗಾಬರಿಯಾಗಿದ್ದೆ. ಎಲೆ ಜಾಗ ಚೆನ್ನಾಗಿ ಹುಡುಕಿದ್ರಿ." ಅಡಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಯೋಚಿಸಿದರು. "ನಾಳೆ ತಿಂಡಿ ಹೊತ್ತಿಗೂ ಇಂಥದೇ ಒಂದು ಸಣ್ಣದು ಇಟ್ಕೊಳ್ಳಿ. ನನ್ನ ಸಿಟ್ಟು ನೋಡೋಕೆ ನಿಮ್ಮ ಕಡೆಯವರು ಇನ್ನೂ ಎಲ್ಲ ಬಂದಿಲ್ವಲ್ಲ."