ಮೆಟ್ಟಿಲಿನಡಿಯ ಮೂರು ಮೂಟೆ ತೆಂಗಿನಕಾಯಿ

ಹನ್ನೊಂದನೆಯ ಮೆಟ್ಟಿಲು ಎಂದೇ ಬರೆಯುತ್ತೇನೆ. ಹನ್ನೆರಡನೆಯದು ಎನ್ನುತ್ತಾಳೆ ನನ್ನ ಹೆಂಡತಿ ಶಾರದೆ. ಅತ್ತೆ ಕೂತುಬಿಟ್ಟದ್ದು ಯಾವುದರ ಮೇಲೆ ಎಂದು ನಾವಿಬ್ಬರೂ ಇನ್ನೂ ಒಪ್ಪಿಲ್ಲ. ನನ್ನ ನೆನಪು ನನಗೆ ಅನುಕೂಲವಾದ ಕಡೆಗೇ ವಾಲುತ್ತದೆ. ಓದುವವರು ಒಂದು ಮೆಟ್ಟಿಲು ಆಚೀಚೆ ಇಟ್ಟುಕೊಳ್ಳಬೇಕು.

ಮೆಟ್ಟಿಲು ನನ್ನದು. ಹಾಸನದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕಟ್ಟಡದ ಪಾಠ ಹೇಳುವ ನಾನು, ಭಾವಮೈದ ಮಂಜಣ್ಣ ಹೊಳೆನರಸೀಪುರದಲ್ಲಿ ಕಟ್ಟಿಸಿದ ಕಲ್ಯಾಣ ಮಂಟಪಕ್ಕೆ ಅದರ ನಕ್ಷೆ ಬರೆದುಕೊಟ್ಟಿದ್ದೆ. ಕೆಳಗೆ ಊಟದ ಹಾಲ್, ಮೇಲೆ ಧಾರೆಯ ಮಂಟಪ, ನಡುವೆ ಒಂದೂ ಕಂಬವಿಲ್ಲದೆ ತೇಲುವ ಉದ್ದನೆಯ ಉಕ್ಕಿನ ಮೆಟ್ಟಿಲು. ನೋಡಿದವರೆಲ್ಲ ಹೊಗಳಿದರು. ಹತ್ತಿದವರು ಹೊಗಳಲಿಲ್ಲ. ನಾಲ್ಕು ಜನ ಒಟ್ಟಿಗೆ ಹೆಜ್ಜೆ ಹಾಕಿದರೆ ಅದು ಅದುರುತ್ತಿತ್ತು.

ಅಲ್ಲಿ ನಡೆಯಬೇಕಿದ್ದ ಮೊದಲ ಮದುವೆ ಮಂಜಣ್ಣನ ಮಗಳದೇ. ಲಿಫ್ಟು ಇನ್ನೂ ಬರೀ ಗುಂಡಿಯಾಗಿತ್ತು. ಅತ್ತೆ ಒಮ್ಮೆ ಕಾಲಿಟ್ಟು ನೋಡಿ ಹಿಂದೆ ಸರಿದರು. "ನಾ ಇದನ್ನ ಅತ್ತಕಿಲ್ಲ. ಮೊಮ್ಮಗಳ ಧಾರೆ ನೋಡ್ದಿದ್ರೂ ಸರಿ."

"ರೀ, ಕೆಳಗೊಂದು ಕಂಬ ನಿಲ್ಸಿಬಿಡಿ," ಎಂದಳು ಶಾರದೆ.

"ಕಂಬ ನಿಲ್ಲಿಸೋದಕ್ಕೆ ಎಂಜಿನಿಯರ್ ಯಾಕೆ ಬೇಕು?"

"ನಾನೂ ಅದನ್ನೇ ಕೇಳ್ತಿರೋದು."

ನನ್ನ ಬಳಿ ಕಂಬಕ್ಕಿಂತ ಘನವಾದ ಉಪಾಯವಿತ್ತು. ಮೆಟ್ಟಿಲಿನ ಹೊಟ್ಟೆಗೆ ಸ್ಪ್ರಿಂಗುಗಳಿಂದ ಒಂದು ಭಾರ ತೂಗುಹಾಕಬೇಕು. ಮೆಟ್ಟಿಲು ಅದುರುವ ವೇಗದಲ್ಲೇ ಅದೂ ಅದುರುವಂತೆ ಶ್ರುತಿ ಮಾಡಿದರೆ, ಮೆಟ್ಟಿಲು ಮೇಲೇಳುವಾಗ ಅದು ಕೆಳಕ್ಕೆಳೆಯುತ್ತದೆ. ಭಾರ ಹೆಚ್ಚುಕಡಿಮೆಯಾದರೆ ಶ್ರುತಿ ಕೆಟ್ಟಿತು. ಹಳೆ ಬೈಕುಗಳ ಶಾಕ್ ಅಬ್ಸಾರ್ಬರ್‌ಗಳಿಗೆ ಒಂದು ಕಬ್ಬಿಣದ ತಟ್ಟೆ ಕಟ್ಟಿಸಿದೆ. ತಟ್ಟೆಗೆ ಹೇರಬೇಕಾದ ಉಕ್ಕಿನ ತುಂಡುಗಳು ಮಾತ್ರ ಹಾಸನದಿಂದ ಬರಲಿಲ್ಲ. ದುದ್ದದ ನಮ್ಮ ತೋಟದಿಂದ ಮೂರು ಮೂಟೆ ತೆಂಗಿನಕಾಯಿ ತರಿಸಿದೆ. ತಾನು ಉಕ್ಕೋ ಕಾಯೋ ಎಂಬುದು ಭಾರಕ್ಕೆ ತಿಳಿಯುವುದಿಲ್ಲ.

ಒಂದೊಂದೇ ಕಾಯಿ ಸೇರಿಸುತ್ತ, ತೆಗೆಯುತ್ತ, ಇಡೀ ದಿನ ಅಂಗಾತ ಮಲಗಿದ್ದೆ. ಸಂಜೆ ಅತ್ತೆಯನ್ನು ನಾಲ್ವರ ಜೊತೆ ಹತ್ತಿಸಿದೆವು. ಅವರು ಕಂಬಿ ಹಿಡಿದು ಮೇಲೆ ಹೋಗಿ, ಇಳಿದು ಬಂದರು.

"ಹೇಗಿದೆ ಅತ್ತೆ?"

"ಈಗ ಅಳ್ಳಾಡಕಿಲ್ಲ ಕಣಪ್ಪ."

ಆಗ ನಾನು ಸ್ವಲ್ಪ ಎತ್ತರವಾದೆನೆಂದು ನೆನಪು.

ಮರುದಿನ ಸಂಜೆ ಆರತಕ್ಷತೆ. ಕರೆದವರಿಗಿಂತ ಹೆಚ್ಚು ಜನ ಬಂದರು. ಊಟ ಮುಗಿಸಿ ಹೊರಟವರಿಗೆಲ್ಲ ಎಲೆ, ಅಡಿಕೆ, ಒಂದು ಕಾಯಿ ಹಾಕಿದ ಚೀಲ ಕೊಡಲೇಬೇಕು. ಆ ತಾಂಬೂಲದ ಮೇಜು ಮೆಟ್ಟಿಲಿನ ಬುಡದಲ್ಲೇ ಇತ್ತು. ನಾನು ಮೇಲೆ ಫೋಟೋಗೆ ನಿಂತಿದ್ದೆ.

ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ವಾಲಗದವರು ಮುಂದೆ, ಕಳಶ ಹಿಡಿದ ಹೆಂಗಸರು ಹಿಂದೆ, ನಡುವೆ ಅತ್ತೆ. ಡೋಲಿನ ಪೆಟ್ಟಿಗೆ ಎಲ್ಲರ ಹೆಜ್ಜೆಯೂ ಒಂದಾಯಿತು. ಮೆಟ್ಟಿಲು ಕುಣಿಯಿತು. ಹನ್ನೊಂದನೆಯದರ ಮೇಲೆ ಅತ್ತೆ ಕೂತುಬಿಟ್ಟರು. ಮೇಲೂ ಬರಲೊಲ್ಲರು, ಕೆಳಗೂ ಇಳಿಯಲೊಲ್ಲರು.

ನಾನು ಓಡಿಹೋಗಿ ಕೆಳಗೆ ಬಗ್ಗಿ ನೋಡಿದೆ. ತಟ್ಟೆಯಲ್ಲಿ ಮೂರು ಖಾಲಿ ಗೋಣಿಚೀಲಗಳನ್ನು ಅಚ್ಚುಕಟ್ಟಾಗಿ ಮಡಚಿಟ್ಟಿದ್ದರು.

"ಮಂಜಣ್ಣ, ಕಾಯಿ ಎಲ್ಲಿ?"

"ನಿನ್ನೆನೇ ಕೊಟ್ಬುಟ್ವಲ್ಲ ಭಾವ. ತಾಂಬೂಲಕ್ಕೆ ಕಮ್ಮಿ ಬಿತ್ತು. ಇಂಗಾಯ್ತದೆ ಅಂತ ನೀವು ಮೊದ್ಲೇ ತಂದು, ಇಲಿ ಮುಟ್ದಂಗೆ ತೂಗಾಕಿದ್ರಿ. ಎಲ್ರೂ ಒಗಳಿದ್ರು ನಿಮ್ಮನ್ನ."

ಅಷ್ಟು ಹೇಳಿ ಮಂಜಣ್ಣ ಧಾರೆ ಎರೆಯಲು ಮೇಲಕ್ಕೆ ಓಡಿದ. ಸ್ವಲ್ಪದರಲ್ಲೇ ಮೇಲೆ ಗಟ್ಟಿಮೇಳ ಮೊಳಗಿತು. ಮೊಮ್ಮಗಳ ಧಾರೆ ಅತ್ತೆಗೆ ಬರೀ ಸದ್ದಾಗಿ ಕೇಳಿತು. ಕೈಯಲ್ಲಿದ್ದ ಅಕ್ಷತೆಯನ್ನು ಅವರು ಕೂತಲ್ಲಿಂದಲೇ ಮೇಲಕ್ಕೆ ಎಸೆದರು. ಅದು ನನ್ನ ಉಕ್ಕಿನ ಮೇಲೆ ಬಿತ್ತು.

ನಾನು ಹೋಗಿ ಅವರ ಪಕ್ಕ ಕೂತೆ. "ತಪ್ಪು ನನ್ನದು ಅತ್ತೆ. ಮೊನ್ನೆ ನಿಂತಿತ್ತು. ಕಾಯಿ ಹೋಗಿದ್ದಕ್ಕೆ ಹೀಗಾಯ್ತು."

"ಮೊನ್ನೆನೂ ಇಂಗೇ ಇತ್ತು ಕಣಪ್ಪ."

"ಮತ್ತೆ ಅಲ್ಲಾಡಲ್ಲ ಅಂದ್ರಿ?"

"ಬೆಳಗಿಂದ ಅಡೀಲಿ ಬಿದ್ಕಂಡು ಮೈಯೆಲ್ಲ ಗ್ರೀಸ್ ಮಾಡ್ಕಂಡಿದ್ರಿ. ಇನ್ನೇನು ಏಳ್ಲಿ? ಇವತ್ತು ಕಣ್ಮುಚ್ಕಂಡು ಅತ್ಬುಡಾನ ಅಂತಿದ್ದೆ. ಆಗ್ನಿಲ್ಲ."

ಸ್ವಲ್ಪ ಹೊತ್ತಿಗೆ ಮದುಮಕ್ಕಳೇ ಇಳಿದು ಬಂದು ಅವರ ಕಾಲಿಗೆರಗಿದರು. ಮೆಟ್ಟಿಲು ಆಗಲೂ ಅದುರಿತು.

ಈಗ ಕೆಳಗೊಂದು ಕಂಬವಿದೆ. ಹಾದುಹೋಗುವಾಗಲೆಲ್ಲ ಶಾರದೆ ಅದನ್ನು ಮೆಲ್ಲಗೆ ತಟ್ಟುತ್ತಾಳೆ. ಅತ್ತೆ ಹತ್ತಿ ನೋಡಿದ ಸಂಜೆ ಮೆಟ್ಟಿಲ ಮೇಲೆ ನಾನು ಒಂದು ಲೋಟ ನೀರಿಟ್ಟಿದ್ದೆ, ಅದು ಅಲುಗಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿದೆ. "ಯಾವ ಲೋಟ?" ಎನ್ನುತ್ತಾಳೆ ಶಾರದೆ. ನನ್ನ ಉಪಾಯ ಒಂದು ಸಂಜೆಯ ಮಟ್ಟಿಗಾದರೂ ಕೆಲಸ ಮಾಡಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.