ಗಜಾಲನ ಉಪವಾಸವೂ ನನ್ನ ಉಪಾಯಗಳೂ

ನಾಯಿ ಸಾಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಅಭಿಪ್ರಾಯ ನನಗೆ ಮೊದಲಿನಿಂದಲೂ ಇತ್ತು. ಉಡುಪಿ ಕಡೆಯ ನಮ್ಮ ಮನೆಯಲ್ಲಿ ನಾಯಿಗಳಿಗೆ ಬರಗಾಲವೇ ಇರಲಿಲ್ಲ. ಉಳಿದ ಗಂಜಿ ಹಾಕಿದರೆ ತಿನ್ನುತ್ತಿದ್ದವು, ಗದರಿಸಿದರೆ ಹೋಗುತ್ತಿದ್ದವು. ಇದರಲ್ಲಿ ಕಲಿಯುವುದಕ್ಕೆ ಏನಿದೆ? ಆದ್ದರಿಂದ ನನ್ನ ಕಫೀಲ್, ಅಂದರೆ ಇಲ್ಲಿ ಬರ್ಕಾದಲ್ಲಿ ನನ್ನ ವೀಸಾಕ್ಕೂ ಅನ್ನಕ್ಕೂ ಆಧಾರವಾದ ಒಮಾನಿ ಯಜಮಾನರು, ತಮ್ಮ ಖರ್ಜೂರದ ತೋಟದಲ್ಲಿ ನಿಂತು, "ಶೆಟ್ಟಿ, ಈ ಎರಡು ಓಟದ ನಾಯಿಗಳಿಗೆ ವಯಸ್ಸಾಯಿತು. ರೇಸ್ ಎಲ್ಲ ಖಲಾಸ್. ನಿನ್ನ ಮನೆಗೆ ಕಾಂಪೌಂಡ್ ಇದೆಯಲ್ಲ, ಸಾಕುತ್ತೀಯಾ?" ಎಂದಾಗ ನಾನು ಹಿಂದೆಮುಂದೆ ನೋಡಲಿಲ್ಲ. "ಯಲ್ಲಾ, ಕೊಡಿ!" ಎಂದುಬಿಟ್ಟೆ.

ಮನೆಯಲ್ಲಿ ಒಬ್ಬಳು ಹೆಂಡತಿ ಇದ್ದಾಳೆ ಎಂಬುದು ಕಾರಿನ ಹಿಂದಿನ ಸೀಟಿನಲ್ಲಿ ಎರಡು ಉದ್ದ ಮೂತಿಗಳು ಬಂದು ನಿಂತ ಮೇಲೆ ನೆನಪಾಯಿತು.

ಸುಜಾತ ಗೇಟಿನಲ್ಲೇ ತಡೆದಳು. "ಎಂತ ಮಾರಾಯ್ರೆ ಇದು? ನಾಯಿಯೋ, ಒಣಮೀನೋ?"

"ಗ್ರೇಹೌಂಡ್! ನಮ್ಮ ಮುಧೋಳ ನಾಯಿಯ ದಾಯಾದಿ ಅಂತ ತಿಳ್ಕೊ. ಇವನು ಗಜಾಲ್, ಇವಳು ಶಾಹೀನ್. ಗಾಳಿಗಿಂತ ವೇಗ."

"ಗಾಳಿ ಬಂದ್ರೆ ಹಾರಿಯೇ ಹೋದಾವು. ನೋಡಿ, ಈಗಲೇ ಹೇಳಿದ್ದೇನೆ. ಇವು ನನ್ನ ಅಡುಗೆಮನೆಗೆ ಕಾಲಿಡಬಾರದು. ನಾನು ಇವಕ್ಕೆ ಒಂದು ಅಗುಳೂ ಹಾಕುವವಳಲ್ಲ."

ಗಾಳಿಗಿಂತ ವೇಗದ ನಾಯಿಗಳು ಬಂದ ದಿನವೇ ಸೋಫಾ ಹತ್ತಿದವು. ಇಳಿಯಲಿಲ್ಲ. ಹುಟ್ಟಿದಾರಭ್ಯ ಶೆಡ್ಡಿನಲ್ಲಿ ಬೆಳೆದ ಅವಕ್ಕೆ ಮನೆ ಎಂಬುದೇ ಗೊತ್ತಿರಲಿಲ್ಲ. ಗಾಜಿನ ಬಾಗಿಲನ್ನು ಗಾಳಿ ಎಂದು ತಿಳಿದು ಗಜಾಲ್ ಮೂಗು ಜಜ್ಜಿಕೊಂಡ. ಮಿಕ್ಸಿ ತಿರುಗಿದರೆ ಇಬ್ಬರೂ ನಡುಗುತ್ತಿದ್ದರು. ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದು ಈ ಜಾತಿಯ ಅಭ್ಯಾಸವೆಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಶಾಹೀನ್ ನಾಲ್ಕೂ ಕಾಲು ಮೇಲೆ ಮಾಡಿ, ಕಣ್ಣು ತೆರೆದು ಮಲಗಿದ್ದನ್ನು ಕಂಡು ಕಫೀಲರಿಗೆ ಫೋನ್ ಮಾಡಿ, ಗದ್ಗದ ಕಂಠದಿಂದ ಮರಣವಾರ್ತೆ ತಿಳಿಸಿದೆ. ನಾನು ಇನ್ನೂ ಮೂಗು ಒರೆಸಿಕೊಳ್ಳುತ್ತಿರುವಾಗಲೇ ಮೃತಳು ಆಕಳಿಸಿದಳು!

ಪಕ್ಕದ ಮನೆಯ ಫ್ಲಾವಿಯಾ ಬಾಯಿ ಮಂಗಳೂರಿನವರು, ದಯಾಮಯಿ. ಅವರಿಗೆ ನಾಯಿಗಳ ಪಕ್ಕೆಲುಬು ನೋಡಿ ನಿದ್ದೆ ಬರುತ್ತಿರಲಿಲ್ಲ. "ಶೆಟ್ರೇ, ದೇವರು ಮೆಚ್ಚುವ ಕೆಲಸ ಅಲ್ಲ ಇದು. ಪಾಪದ ಪ್ರಾಣಿಗಳಿಗೆ ಅನ್ನ ಹಾಕಿ" ಎನ್ನುತ್ತಿದ್ದರು. ಈ ಜಾತಿಗೆ ಪಕ್ಕೆಲುಬು ಕಂಡರೇ ಆರೋಗ್ಯ ಎಂದು ನಾಯಿ ಡಾಕ್ಟರು ಹೇಳಿದ್ದನ್ನು ನಾನು ಎಷ್ಟು ವಿವರಿಸಿದರೂ ಅವರ ಕಣ್ಣಿಗೆ ನಾನು ಜಿಪುಣನೇ.

ಆದರೆ ಆ ಎರಡರಲ್ಲೂ ಒಂದು ಗುಣವಿತ್ತು. ಬಂದು ಪಕ್ಕದಲ್ಲಿ ನಿಂತು, ಮೈಭಾರವನ್ನೆಲ್ಲ ನಮ್ಮ ಕಾಲಿಗೆ ಒರಗಿಸಿಬಿಡುತ್ತಿದ್ದವು. ಬೊಗಳುವುದಿಲ್ಲ, ನೆಕ್ಕುವುದಿಲ್ಲ, ಸುಮ್ಮನೆ ಒರಗುವುದು. ಒರಗಿದ ನಾಯಿಯನ್ನು ಬಿಟ್ಟು ಸರಿದರೆ ಅದು ಬಿದ್ದೇಬಿಡುತ್ತದೆ, ಆದ್ದರಿಂದ ನಾನು ಎಷ್ಟೋ ಸಲ ಆಫೀಸಿಗೆ ತಡವಾಗಿ ಹೋಗಿದ್ದೇನೆ.

ಶಾಹೀನ್ ಕುಂಟಲು ಶುರುಮಾಡಿದಾಗ ಉಳುಕಿರಬೇಕು ಎಂದುಕೊಂಡೆವು. ಉಳುಕಾಗಿರಲಿಲ್ಲ. ಮೂಳೆಯ ಕಾಯಿಲೆ, ಓಡಿದ ನಾಯಿಗಳಿಗೆ ಬರುವುದುಂಟು ಎಂದರು ಡಾಕ್ಟರು. ಔಷಧಿಯಿಂದ ನೋವು ತಡೆಯುವಷ್ಟು ಕಾಲ ತಡೆದೆವು. ಆಮೇಲೆ ಅವಳು ಹೋದಳು. ಈ ಸಲ ಆಕಳಿಸಲಿಲ್ಲ. ಕಫೀಲರ ತೋಟದಲ್ಲಿ ಖರ್ಜೂರದ ಮರದ ಬುಡದಲ್ಲಿ ಮಣ್ಣು ಮಾಡುವಾಗ ನಾನು ಎಲ್ಲರೆದುರು ಗಳಗಳನೆ ಅತ್ತುಬಿಟ್ಟೆ. ಕಫೀಲರು ಹೆಗಲ ಮೇಲೆ ಕೈಯಿಟ್ಟು, "ಸುದ್ದಿ ಕೇಳಿ ನನ್ನ ಮಕ್ಕಳೂ ಅತ್ತರು ಶೆಟ್ಟಿ" ಎಂದರು.

ಮನೆಗೆ ಬಂದರೆ ಗಜಾಲ್ ಊಟ ಬಿಟ್ಟಿದ್ದ.

ಡಾಕ್ಟರು ಪರೀಕ್ಷೆ ಮಾಡಿ, "ರೋಗವೇನೂ ಇಲ್ಲ, ದುಃಖ. ಆದರೆ ವಯಸ್ಸಾದ ನಾಯಿ, ಕಿಡ್ನಿ ದುರ್ಬಲ. ಬೇಗ ತಿನ್ನಲು ಶುರುಮಾಡದಿದ್ದರೆ ಇದೂ ಅವಳ ಹಿಂದೆಯೇ ಹೋಗುತ್ತದೆ" ಎಂದರು.

"ನನಗೆ ಬಿಡಿ ಡಾಕ್ಟ್ರೇ" ಎಂದೆ. ಬಿಟ್ಟರು. ಅದೇ ತಪ್ಪಾದದ್ದು.

ಕೋಳಿ ಬೇಯಿಸಿ ಹಾಕಿದೆ. ಮೂಸಲಿಲ್ಲ. ಮೊಟ್ಟೆ, ಮೊಸರು, ಯಾವುದಕ್ಕೂ ಜಗ್ಗಲಿಲ್ಲ. ಒಬ್ಬರು ತಿನ್ನುವುದನ್ನು ನೋಡಿದರೆ ಇನ್ನೊಬ್ಬರಿಗೆ ಹಸಿವಾಗುತ್ತದೆ ಎಂಬ ಲೋಕಾನುಭವದ ಆಧಾರದ ಮೇಲೆ ನಾನೇ ಮೊಣಕಾಲೂರಿ, ಅವನ ಬಟ್ಟಲಿಗೆ ಬಾಯಿ ಹಾಕಿ, ಅವನ ಬಿಸ್ಕತ್ತನ್ನು ಕರುಂ ಕುರುಂ ಅಗಿದು "ಆಹಾ!" ಎಂದೆ. ತಲೆಯೆತ್ತಿದರೆ ಬಾಗಿಲಲ್ಲಿ ಫ್ಲಾವಿಯಾ ಬಾಯಿ, ಕೈಯಲ್ಲಿ ಅವರ ಕಡೆಯ ಇಡ್ಲಿ, ಸನ್ನಾಗಳ ಡಬ್ಬಿ.

"ಸುಜಾತ ಊಟ ಹಾಕುವುದಿಲ್ವಾ ಶೆಟ್ರೇ?" ಎಂದು ಮೆಲ್ಲಗೆ ಕೇಳಿದರು.

ಮರುದಿನ ಇನ್ನೊಂದು ಮಹದಾಲೋಚನೆ ಹೊಳೆಯಿತು. ರೇಸಿನಲ್ಲಿ ಇವು ಬೆನ್ನಟ್ಟುವುದು ನಕಲಿ ಮೊಲವನ್ನಲ್ಲವೇ? ಓಡಿದರೆ ಹಸಿವು, ಹಸಿದರೆ ಊಟ! ಬಚ್ಚಲುಮನೆಯ ಜೂಲು ಜೂಲಿನ ಕಾಲೊರಸನ್ನು ಸುರುಳಿ ಸುತ್ತಿ, ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು, ಸಮುದ್ರತೀರಕ್ಕೆ ಹೋಗಿ ಓಡಿದೆ. ಬಲೆ ಸರಿಮಾಡುತ್ತಿದ್ದ ಮೀನುಗಾರರು ಎದ್ದು ನಿಂತು "ಯಲ್ಲಾ! ಯಲ್ಲಾ!" ಎಂದು ಹುರಿದುಂಬಿಸಿದರು. ನಾನು ಇನ್ನೂ ಜೋರಾಗಿ ಓಡಿದೆ. ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ಗೆದ್ದೆ ಎಂದು ಹಿಂತಿರುಗಿ ನೋಡಿದರೆ, ಮೊಲವನ್ನು ಹಿಡಿದು ಜಗಿಯುತ್ತಾ ಬರುತ್ತಿದ್ದುದು ಒಂದು ಆಡು!

ಹಗ್ಗ ಜಗ್ಗಿತು. ನಾನು ಬಿದ್ದೆ. ಬಿಟ್ಟ ಜಾಗದಲ್ಲೇ ನಿಂತಿದ್ದ ಗಜಾಲ್ ನಿಧಾನವಾಗಿ ನಡೆದು ಬಂದು, ಮರಳಿನಲ್ಲಿ ಕೂತಿದ್ದ ನನ್ನ ಭುಜಕ್ಕೆ ಒರಗಿದ. ಆಡು ಕಣ್ಣೆದುರೇ ಕುಣಿಯುತ್ತಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಆಡು ಕಂಡರೂ ಓಡದ ಗ್ರೇಹೌಂಡ್! ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೆದರಿದವನ ತಲೆ ಓಡಬಾರದ ಕಡೆ ಓಡುತ್ತದೆ. ಇಬ್ಬರೂ ಒಂದೇ ಹೊದಿಕೆಯ ಮೇಲೆ ಮಲಗುತ್ತಿದ್ದರು. ಶಾಹೀನಳ ವಾಸನೆ ಇರುವವರೆಗೆ ಇವನು ಮರೆಯುವುದು ಹೇಗೆ ಎಂದು ತರ್ಕ ಮಾಡಿ, ಹೊದಿಕೆಯನ್ನು ವಾಷಿಂಗ್ ಮಷೀನಿಗೆ ಹಾಕಿ, ಎರಡೆರಡು ಸಲ ತೊಳೆದು, ಮಲ್ಲಿಗೆಯ ಘಮ ಬರಿಸಿ ಹಾಸಿದೆ. ಗಜಾಲ್ ಬಂದು ಈ ತುದಿಯಿಂದ ಆ ತುದಿಯವರೆಗೆ ಮೂಸಿದ. ಮಡಿಚಿದ ಕಡೆ ಮೂಗು ತೂರಿಸಿ ಹುಡುಕಿದ. ಆಮೇಲೆ ಎದ್ದು ಹೋಗಿ ಎಲ್ಲೋ ಮೂಲೆ ಸೇರಿದ. ಅಂದಿನಿಂದ ನೀರೂ ಕಡಿಮೆಯಾಯಿತು.

"ಎಂತ ಮಾಡಿದ್ರಿ ನೀವು?" ಸುಜಾತ ಹೊದಿಕೆಯನ್ನು ಎತ್ತಿ ಮೂಸಿ ನೋಡಿದಳು. "ಅವಳದ್ದು ಅಂತ ಅವನಿಗೆ ಉಳಿದದ್ದು ಅದೊಂದೇ ಅಲ್ವಾ!"

ಮಲ್ಲಿಗೆಯ ಘಮ ಮಾತ್ರ ಮನೆಯೆಲ್ಲಾ ಇತ್ತು.

ಗುರುವಾರ ಸಂಜೆ ಊರಿನಿಂದ ಅತ್ತೆಯ ವಿಡಿಯೋ ಕಾಲ್ ಬಂತು. ಎಲ್ಲ ಕೇಳಿ, "ಸತ್ತವಳಿಗೆ ಎಲೆ ಹಾಕಿ ಬಡಿಸಿದ್ರಾ?" ಎಂದರು.

"ಅತ್ತೆ, ಅದು ನಾಯಿ."

"ನಾಯಿ ಆದ್ರೆ ಹಸಿವೆ ಆಗುವುದಿಲ್ವಾ? ಮನೆಯಲ್ಲಿ ಇದ್ದು ಹೋದ ಜೀವ. ಹಸಿದುಕೊಂಡು ಹೊಸ್ತಿಲಲ್ಲೇ ನಿಂತಿದೆಯೋ ಏನೋ. ಅದಕ್ಕೇ ಇವನಿಗೆ ಗಂಟಲಲ್ಲಿ ಇಳಿಯುವುದಿಲ್ಲ."

ನಮ್ಮ ಕಡೆಯ ಕ್ರಮ ಅದು. ಹೋದವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ಮೌನವಾಗಿ ನಿಲ್ಲಬೇಕು. ಅವರು ಬಂದು ಉಂಡು ಹೋದ ಮೇಲೆ ನಮ್ಮ ಊಟ. ನಾಯಿಗೆ ಬಡಿಸಿದ್ದನ್ನು ನಾನು ಕಂಡಿಲ್ಲ. ಆದರೆ ಕಾಲೊರಸು ಕಟ್ಟಿಕೊಂಡು ಓಡಿದವನಿಗೆ ಆಕ್ಷೇಪಿಸುವ ಹಕ್ಕೂ ಇರಲಿಲ್ಲ.

ಶುಕ್ರವಾರ ರಜೆ. ಕಫೀಲರ ತೋಟದ ಮೂಲೆಯಲ್ಲಿದ್ದ ಬಾಳೆಗಿಡದಿಂದ ಎಲೆ ತಂದೆ. ಸುಜಾತ ಬಂಗುಡೆ ಬೇಯಿಸಿ ಮುಳ್ಳು ಬಿಡಿಸುತ್ತಾ, "ಅವಳಿಗೆ ಕುಚ್ಚಲಕ್ಕಿ ಅನ್ನ ಮೆತ್ತಗೆ ಆಗಬೇಕು. ಉಪ್ಪು, ಖಾರ ಹಾಕಬಾರದು. ಮೀನು ಬೇಯಿಸಿದ ನೀರು ಸ್ವಲ್ಪ ಮೇಲಿಂದ" ಎಂದಳು.

"ನಿನಗೆ ಹೇಗೆ ಗೊತ್ತು?"

ಒಂದು ಅಗುಳೂ ಹಾಕದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಲಗುವ ಕೋಣೆಯಲ್ಲಿ ಎಲೆ ಹಾಕಿ, ಬಡಿಸಿ, ಬಟ್ಟಲಲ್ಲಿ ನೀರಿಟ್ಟು ಬಾಗಿಲು ಹಾಕಿದೆವು. ಹೊರಗೆ ನಾನು, ಸುಜಾತ, ವಿಷಯ ತಿಳಿದು ಬಂದಿದ್ದ ಫ್ಲಾವಿಯಾ ಬಾಯಿ ಸಾಲಾಗಿ ಕೈಮುಗಿದು ನಿಂತೆವು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ. ವಿಜ್ಞಾನ ಓದಿದವನು.

ಒಳಗಿನಿಂದ ಸದ್ದು ಕೇಳಿಸಿತು. ಚಪ್. ಚಪ್. ಚಪ್.

ನನ್ನ ವಿಜ್ಞಾನ ಅಲ್ಲೇ ಮುಗಿಯಿತು. ಮೈಯ ರೋಮವೆಲ್ಲ ಎದ್ದು ನಿಂತಿತು. ಫ್ಲಾವಿಯಾ ಬಾಯಿ ಶಿಲುಬೆಯ ಗುರುತು ಹಾಕಿಕೊಂಡರು. ಸುಜಾತ ಬಿಕ್ಕತೊಡಗಿದಳು. ಮನೆಯ ಯಜಮಾನನೆಂಬ ಜವಾಬ್ದಾರಿಯಿಂದ ನಾನು ಬಾಗಿಲಿಗೆ ಹಣೆ ಹಚ್ಚಿ, ನಡುಗುವ ದನಿಯಲ್ಲಿ ನಿವೇದಿಸಿಕೊಂಡೆ: "ಶಾಹೀನ್, ಹೊಟ್ಟೆ ತುಂಬ ಉಣ್ಣು ಮಗಾ. ಹೊದಿಕೆ ತೊಳೆದದ್ದು ನಾನೇ. ತಪ್ಪಾಯಿತು. ಗಜಾಲನನ್ನು ಮಾತ್ರ ಕರ್ಕೊಂಡು ಹೋಗಬೇಡ. ನಮಗೆ ಅವನೊಬ್ಬನೇ ಇರುವುದು."

ಒಳಗೆ ಚಪ್ ಚಪ್ ಇನ್ನೂ ಜೋರಾಯಿತು.

ಆಗ ಫ್ಲಾವಿಯಾ ಬಾಯಿ, "ಶೆಟ್ರೇ, ಗಜಾಲ್ ಎಲ್ಲಿ?" ಎಂದರು.

ನಾನು ಸುಜಾತಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಅವನು ಯಾವ ಮೂಲೆ ಸೇರಿದ್ದಾನೆಂದು ಇಬ್ಬರೂ ನೋಡಿರಲಿಲ್ಲ! ಬಾಗಿಲು ತೆರೆದರೆ, ಮಂಚದ ಹಿಂದಿನಿಂದ ಹೊರಬಂದ ಗಜಾಲ್ ಎಲೆಯ ಮುಂದೆ ನಿಂತು, ಮೂಗಿನ ತುದಿಯಲ್ಲಿ ಅನ್ನ ಮೆತ್ತಿಕೊಂಡು, ಕೊನೆಯ ಅಗುಳನ್ನು ನೆಕ್ಕುತ್ತಿದ್ದ. ಎಲೆಯ ಅರ್ಧ ಭಾಗ ಆಗಲೇ ಅವನ ಹೊಟ್ಟೆ ಸೇರಿತ್ತು. ನನ್ನನ್ನು ಕಂಡವನೇ ಬಂದು ಕಾಲಿಗೆ ಒರಗಿದ. ಆ ಭಾರ! ನಾನು ಅಲ್ಲೇ ನೆಲಕ್ಕೆ ಕೂತು ಅವನ ಕುತ್ತಿಗೆ ತಬ್ಬಿಕೊಂಡೆ.

ಊರಿನಿಂದ ಅತ್ತೆ ಫೋನಿನಲ್ಲಿ, "ಬಂದಿದ್ದಳಾ?" ಎಂದು ಕೇಳಿದರು.

"ಬಂದಿದ್ದಳು ಅಮ್ಮ" ಎಂದಳು ಸುಜಾತ. "ಅವನಿಗೆ ಉಣ್ಣಿಸಿ ಹೋಗಿದ್ದಾಳೆ."

ಮರುದಿನ ಡಾಕ್ಟರು ಗಜಾಲನನ್ನು ನೋಡಿ ಬೆರಗಾದರು. "ಏನು ಮಾಡಿದಿರಿ?" ಎಂದರು. ಒಂದು ಬಗೆಯ ಪಾರಂಪರಿಕ ಚಿಕಿತ್ಸೆ ಎಂದು ಗಂಭೀರವಾಗಿ ಹೇಳಿದೆ. "ಒಳ್ಳೆಯದು. ಅದನ್ನೇ ಮುಂದುವರಿಸಿ, ಏನೂ ಬದಲಾಯಿಸಬೇಡಿ" ಎಂದರು. ಬದಲಾಯಿಸಲು ನೋಡಿದೆವು. ಬಟ್ಟಲಲ್ಲಿ ಹಾಕಿದರೆ ಮಹಾಶಯ ಮೂತಿ ತಿರುಗಿಸುತ್ತಾನೆ. ಎಲೆ ಬೇಕು, ಮುಳ್ಳು ಬಿಡಿಸಿದ ಬಂಗುಡೆ ಬೇಕು, ಬಾಗಿಲು ಹಾಕಬೇಕು. ಹಾಗಾಗಿ ಈಗ ನಮ್ಮ ಮನೆಯಲ್ಲಿ ದಿನವೂ ಎಲೆ, ದಿನವೂ ಬಾಗಿಲು. ಕ್ರಮ ತಪ್ಪಿದರೆ ಏನಾದೀತೋ ಎಂಬ ಭಯದಿಂದ, ಒಳಗಿನ ಊಟ ಮುಗಿಯುವವರೆಗೆ ನಮಗೆ ಊಟವಿಲ್ಲ.

ನಿನ್ನೆ ಒಳಗೆ ಸದ್ದೇ ಇರಲಿಲ್ಲ. ಬಾಗಿಲನ್ನು ಒಂದಿಷ್ಟೇ ಸರಿಸಿ ಇಣುಕಿದೆ. ಗಜಾಲ್ ಉಣ್ಣುವುದನ್ನು ನಿಲ್ಲಿಸಿ, ತಲೆಯೆತ್ತಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಿಂದಿನಿಂದ ಸುಜಾತ ನನ್ನ ಕಾಲರ್ ಹಿಡಿದು ಎಳೆದಳು.

"ನಾಚಿಕೆ ಇಲ್ವಾ ನಿಮಗೆ? ಹಿರಿಯರು ಉಣ್ಣುವಾಗ ಇಣುಕುವುದಾ?"

ಬಾಗಿಲು ಮುಚ್ಚಿ, ಮತ್ತೆ ಕೈಮುಗಿದು ನಿಂತೆ. ಹೊಟ್ಟೆ ಚುರುಗುಟ್ಟುತ್ತಿತ್ತು.