ಒಂದೇ ಚೌಕದ ಯುದ್ಧ

ನಮ್ಮ ದೇಶವು ಇರಾನಿನೊಂದಿಗೆ ಈವರೆಗೆ ಇನ್ನೂರ ಹನ್ನೊಂದು ಯುದ್ಧಗಳನ್ನು ಮಾಡಿದ್ದು, ಇನ್ನೂರ ಹನ್ನೊಂದನ್ನೂ ಅಂದಾಜಿಸಿದ ಅವಧಿಯೊಳಗೇ ಗೆದ್ದಿದೆ. ಇದು ದಾಖಲೆಯಲ್ಲಿರುವ ಸಂಗತಿ. ದಾಖಲೆ ಇಟ್ಟವರು ನಾವೇ ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ನಾವು ಅಂದರೆ ವರ್ಜೀನಿಯಾದ ಯುದ್ಧಾವಧಿ ಅಂದಾಜು ವಿಭಾಗ. ಮೂರನೆಯ ಮಹಡಿ, ಕಾಫಿ ಯಂತ್ರದ ಪಕ್ಕದ ಬಾಗಿಲು. ಯಾವುದೇ ಯುದ್ಧ ಶುರುವಾಗುವ ಮೊದಲು ಅದು ಎಷ್ಟು ದಿನ ನಡೆಯುತ್ತದೆಂದು ನಮೂನೆ 44ರಲ್ಲಿ ಬರೆದು ಮೇಲಕ್ಕೆ ಕಳಿಸುವುದು ನಮ್ಮ ಕೆಲಸ. ಆ ಕಾಗದಗಳನ್ನು ಇಪ್ಪತ್ತೆರಡು ವರ್ಷದಿಂದ ಜೋಡಿಸಿಡುತ್ತಿರುವವನು ನಾನು. ನಮೂನೆಯಲ್ಲಿ ‘ಅಂದಾಜು ಅವಧಿ, ದಿನಗಳಲ್ಲಿ’ ಎಂಬುದರ ಮುಂದೆ ಒಂದೇ ಒಂದು ಚೌಕವಿದೆ. ಹಿಂದೆ ಯಾವುದೋ ಯುದ್ಧ ಬೇಗ ಮುಗಿದಿತ್ತಂತೆ. ಆ ಖುಷಿಯಲ್ಲಿ ಅಚ್ಚು ಹಾಕಿಸಿದ ನಮೂನೆ ಅದು. ಒಂದು ಚೌಕದಲ್ಲಿ ಒಂದೇ ಅಂಕಿ ಬರೆಯತಕ್ಕದ್ದು ಎಂದು ಅಡಿಯಲ್ಲಿ ಸೂಚನೆಯೂ ಇದೆ.

ಮೊದಲನೆಯ ಯುದ್ಧಕ್ಕೆ ನಾವು ಅಂದಾಜಿಸಿದ್ದು ನಾಲ್ಕು ದಿನ. ನಮ್ಮ ನಿರ್ದೇಶಕರಾದ ಕರ್ನಲ್ ಪ್ರೂಯಿಟ್ ಸಾಹೇಬರು ಇದನ್ನು ಸಾಕಷ್ಟು ಯೋಚಿಸಿಯೇ ನಿರ್ಧರಿಸಿದ್ದರು.

“ನಾಲ್ಕು ದಿನ ಸಾಕಾಗುತ್ತಾ ಸರ್?” ಎಂದು ನಾನು ಕೇಳಿದೆ.

“ಐದನೇ ದಿನದಿಂದ ಮೂರು ದಿನ ರಜ ಅಲ್ವೇನಯ್ಯಾ. ಸಮುದ್ರದ ದಡದಲ್ಲಿ ಮನೆ ಬುಕ್ ಮಾಡಿದೀನಿ. ದುಡ್ಡು ವಾಪಸ್ ಕೊಡಲ್ಲ ಅಂತ ಬೇರೆ ಬರೆದಿದಾರೆ.”

ನಾನು ಕಾಗದವನ್ನು ಮೇಲಕ್ಕೆ ಕಳಿಸಿದೆ.

ಎರಡನೆಯ ದಿನ ಇರಾನಿನವರು ಜಲಸಂಧಿಯನ್ನು ಮುಚ್ಚಿದರು. ಲೋಕದ ಎಣ್ಣೆ ಹಡಗುಗಳು ಆಚೆ ಒಂದಿಷ್ಟು, ಈಚೆ ಒಂದಿಷ್ಟು ನಿಂತುಬಿಟ್ಟವು. ಅಲ್ಲೊಂದು ಜಲಸಂಧಿ ಇದೆಯೆಂದು ಅಂದಾಜಿನಲ್ಲಿ ಯಾಕೆ ನಮೂದಿಸಲಿಲ್ಲವೆಂದು ಮೇಲಿನಿಂದ ಪತ್ರ ಬಂತು. ಪರಿಶೀಲಿಸಿದಾಗ ಯಾರ ತಪ್ಪೂ ಇಲ್ಲವೆಂದು ತಿಳಿಯಿತು. ನಮ್ಮ ಭೂಪಟದ ಮೇಲೆ ವಿಭಾಗದ ದುಂಡು ಮುದ್ರೆ ಒತ್ತಬೇಕಾದ ಜಾಗ ಸರಿಯಾಗಿ ಅಲ್ಲೇ ಬರುತ್ತದೆ. ಮುದ್ರೆಯ ಕೆಳಗೆ ಜಲಸಂಧಿ ಇತ್ತು, ಮೇಲೆ ನಮ್ಮ ದೇಶದ ಲಾಂಛನದ ಹದ್ದು ಇತ್ತು. ಮುದ್ರೆಯಿಲ್ಲದ ಭೂಪಟವನ್ನು ಸಲ್ಲಿಸುವಂತಿಲ್ಲ ಎಂದು ಉತ್ತರ ಬರೆದೆವು. ಅವರು ಒಪ್ಪಿಕೊಂಡರು.

ಸ್ಕೂಟರಿನ ಎಂಜಿನ್ ಕಟ್ಟಿ ಹಾರಿಸಿದಂಥ ಡ್ರೋನುಗಳನ್ನು ನಮ್ಮವರು ಒಂದೊಂದು ಊರಿಗೆ ಒಂದೊಂದು ಆಸ್ಪತ್ರೆ ಕಟ್ಟಿಸುವಷ್ಟು ಬೆಲೆಯ ಕ್ಷಿಪಣಿಗಳಿಂದ ಉರುಳಿಸುತ್ತಿದ್ದರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಬ್ರಹ್ಮಾಸ್ತ್ರ ಮುಗಿಯುತ್ತ ಬಂತು, ಗುಬ್ಬಿ ಮುಗಿಯಲಿಲ್ಲ. ಐದನೆಯ ದಿನ ಕರ್ನಲ್ ಸಾಹೇಬರು ಸಮುದ್ರದ ದಡದಿಂದಲೇ ಫೋನ್ ಮಾಡಿ, 4ರ ತಲೆಯನ್ನು ಮುಚ್ಚಿ 9 ಮಾಡಲು ಅಪ್ಪಣೆ ಕೊಟ್ಟರು. ಮುಚ್ಚಿದೆವು. ಒಂಬತ್ತನೆಯ ದಿನ ಬಂದಾಗ ಮುಚ್ಚಲು ಏನೂ ಉಳಿದಿರಲಿಲ್ಲ.

ನಮೂನೆಯಲ್ಲಿ ಚೌಕ ಕಮ್ಮಿಯಾದ ಮಾತ್ರಕ್ಕೆ ದೇಶ ಸೋಲಲು ಸಾಧ್ಯವಿಲ್ಲ. ಆದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಈ ಕೆಳಗಿನ ಪ್ರಕಟಣೆ ಹೊರಟಿತು:

‘ಯುದ್ಧವು ಅಂದಾಜಿನಂತೆ ಒಂಬತ್ತು ದಿನಗಳಲ್ಲಿ ವಿಜಯದಲ್ಲಿ ಮುಕ್ತಾಯಗೊಂಡಿದೆ. ಊಟದ ವಿರಾಮದ ನಂತರ, ಒಂದು ಗಂಟೆಗೆ, ಎರಡನೆಯ ಯುದ್ಧ ಆರಂಭವಾಗತಕ್ಕದ್ದು. ನಡುವಣ ಒಂದು ಗಂಟೆ ಶಾಂತಿಕಾಲ. ಆ ಅವಧಿಯಲ್ಲಿ ಬೀಳುವ ಕ್ಷಿಪಣಿಗಳನ್ನು ಅಪಘಾತವೆಂದು ಪರಿಗಣಿಸತಕ್ಕದ್ದು.’

ತಟಸ್ಥ ದೇಶದ ರಾಯಭಾರಿಯ ಮೂಲಕ ಇರಾನಿಗೂ ಒಂದು ಪ್ರತಿ ಕಳಿಸಿದೆವು. ‘ನಮ್ಮ ಲೆಕ್ಕದಲ್ಲಿ ಮೊದಲನೆಯದೇ ಇನ್ನೂ ಮುಗಿದಿಲ್ಲ’ ಎಂದು ಉತ್ತರ ಬಂತು. ಅವರ ನಮೂನೆಯಲ್ಲಿ ಎಷ್ಟು ಚೌಕಗಳಿವೆಯೋ ನಮಗೆ ತಿಳಿಯದು. ಅಲ್ಲಿ ಸಾಯುತ್ತಿದ್ದವರ ವಿಚಾರ ನನಗೆ ಆಗಾಗ ನೆನಪಾಗುತ್ತಿತ್ತು. ಆದರೆ ನಮೂನೆ 44ರಲ್ಲಿ ಅವರಿಗೆ ಒಂದು ಚೌಕವೂ ಇಲ್ಲ.

ವಿಜಯದ ಲೆಕ್ಕಕ್ಕೆ ಊಟದ ಕೋಣೆಯಲ್ಲಿ ಕೇಕ್ ಕತ್ತರಿಸಿದೆವು. ನಮ್ಮ ಕಚೇರಿಗಳಲ್ಲಿ ಯಾರು ಹುಟ್ಟಿದರೂ, ನಿವೃತ್ತರಾದರೂ, ಕೆಲಸ ಕಳಕೊಂಡರೂ ಕೇಕ್ ಇರಲೇಬೇಕು. ಯುದ್ಧ ಗೆದ್ದರೆ ಬಿಡುವುದುಂಟೇ. ‘ಮನೆಗೆ ಸ್ವಾಗತ, ವೀರರೇ’ ಎಂದು ಕೆನೆಯಲ್ಲಿ ಬರೆಸಿದ್ದರು. ‘ವೀರರೇ’ ಇದ್ದ ತುಂಡು ನನ್ನ ಪಾಲಿಗೆ ಬಂತು.

ವರ್ನಾ ಮಾತ್ರ ತನ್ನ ತುಂಡನ್ನು ಮುಟ್ಟಲಿಲ್ಲ.

ವರ್ನಾ ಹಾಲ್ಕಂಬ್ ನನ್ನ ಎದುರು ಮೇಜಿನವಳು. ಚೌಕದಲ್ಲಿ ಅಂಕಿ ತುಂಬುವ ಕೆಲಸ ಅವಳದು. ಕರ್ನಲ್ ಸಾಹೇಬರು ಓದದೆ ಸಹಿ ಹಾಕುತ್ತಾರೆ. ವರ್ನಾಳ ಗಂಡ ತೀರಿಕೊಂಡು ಹತ್ತು ವರ್ಷ. ಒಬ್ಬನೇ ಮಗ ಟೋಬಿ, ಇಪ್ಪತ್ತು ವರ್ಷದವನು, ಕಾಲೇಜಿನ ಫೀಸು ಸಿಗುತ್ತದೆಂದು ನೌಕಾಪಡೆ ಸೇರಿ, ಅದೇ ಜಲಸಂಧಿಯ ಬಾಯಲ್ಲಿ ನಿಂತ ಹಡಗಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ತನ್ನ ಮನೆಯ ಮುಂದಿನ ಮೇಪಲ್ ಮರಕ್ಕೆ ಅವಳು ಹಳದಿ ಪಟ್ಟಿ ಕಟ್ಟಿದ್ದಳು. ಮಗ ಬಂದ ದಿನ ಬಿಚ್ಚುವುದು ನಮ್ಮಲ್ಲಿಯ ಪದ್ಧತಿ.

“ಯುದ್ಧ ಮುಗೀತಲ್ಲ ಸರ್, ಟೋಬಿ ಯಾವತ್ತು ಬರ್ತಾನೆ?” ಎಂದು ಕೇಳಿದಳು.

ಕರ್ನಲ್ ಸಾಹೇಬರು ನಿಯಮ ಓದಿ ಹೇಳಿದರು. ಒಂದೇ ಯುದ್ಧದಲ್ಲಿ ಎಡೆಬಿಡದೆ ನೂರೆಂಬತ್ತು ದಿನ ದುಡಿದವನಿಗೆ ಮಾತ್ರ ಮನೆಗೆ ಬಿಡುಗಡೆ. ಹೊಸ ಯುದ್ಧ ಶುರುವಾದರೆ ಎಣಿಕೆಯೂ ಹೊಸದಾಗಿ ಶುರು.

“ಒಂದೊಂದು ಯುದ್ಧ ಒಂಬತ್ತೇ ದಿನ ಅಲ್ವಾ ಸರ್?”

“ಹೌದಮ್ಮ.”

“ಹಾಗಾದ್ರೆ ನೂರೆಂಬತ್ತು ಯಾವತ್ತು ಆಗತ್ತೆ?”

“ಅದಕ್ಕೇ ವರ್ನಾ, ಇಷ್ಟು ಬೇಗ ಬೇಗ ಗೆಲ್ಲಬಾರದು,” ಎಂದು ಕರ್ನಲ್ ಸಾಹೇಬರು ನಿಟ್ಟುಸಿರಿಟ್ಟರು. ಅವರಿಗೆ ಅವಳ ಮೇಲೆ ಕನಿಕರವಿತ್ತು.

ಒಂದು ಅನುಕೂಲವಂತೂ ಇತ್ತು. ಯುದ್ಧಕಾಲದಲ್ಲಿ ಹಡಗಿನಿಂದ ಮನೆಗೆ ಫೋನ್ ಮಾಡುವಂತಿಲ್ಲ, ಶಾಂತಿಕಾಲದಲ್ಲಿ ಮಾಡಬಹುದು. ಹೀಗಾಗಿ ಒಂಬತ್ತು ದಿನಕ್ಕೊಮ್ಮೆ, ಹನ್ನೆರಡರಿಂದ ಒಂದರ ನಡುವೆ, ವರ್ನಾಳ ಫೋನ್ ರಿಂಗಾಗುತ್ತಿತ್ತು. ಅವಳು ಸ್ಪೀಕರ್ ಹಾಕುತ್ತಿದ್ದಳು. ಬಚ್ಚಿಡುವ ಅಭ್ಯಾಸ ಅವಳಿಗಿಲ್ಲ.

“ಅಮ್ಮಾ, ಮತ್ತೆ ಗೆದ್ವಂತೆ ಕಣಮ್ಮ. ಅಡುಗೆಮನೇಲಿ ಯಾರೋ ಹೇಳಿದ್ರು.”

“ಹೂಂ ಕಣೋ, ಹನ್ನೊಂದನೇದು. ನಿಮ್ಮ ತಾತ ಒಂದೇ ಒಂದು ಯುದ್ಧ ಮಾಡಿ, ಸಾಯೋವರೆಗೂ ಅದನ್ನೇ ಹೇಳಿ ಎಲ್ಲರ ತಲೆ ತಿಂದ್ರು. ನೀನು ಹನ್ನೊಂದು ಮಾಡಿದೀಯ.”

“ನಾನು ಹನ್ನೊಂದು ಯುದ್ಧದ ಆಲೂಗಡ್ಡೆ ಸುಲಿದಿದೀನಿ ಅಷ್ಟೇ. ನಾನಿಲ್ಲಿಗೆ ಬಂದು ಎಷ್ಟು ದಿನ ಆಯ್ತಮ್ಮ, ಲೆಕ್ಕದಲ್ಲಿ?”

“ಸೊನ್ನೆ ಕಣೋ. ಒಂದು ಗಂಟೆಗೆ ಶುರು.”

ಇತ್ತ ನಾಡಿನಲ್ಲಿ ಪೆಟ್ರೋಲಿನ ದರ ಗ್ಯಾಲನ್ನಿಗೆ ಹತ್ತು ಡಾಲರ್ ಮುಟ್ಟಿತು. ಬಂಕುಗಳ ಫಲಕದಲ್ಲಿ ಡಾಲರಿಗೂ ಒಂದೇ ಅಂಕಿಯ ಜಾಗ. ಇನ್ನು ಮುಂದೆ ಅರ್ಧ ಗ್ಯಾಲನ್ನಿನ ದರವನ್ನೇ ಬರೆಯಬೇಕೆಂದು ಸರ್ಕಾರ ಆದೇಶ ಹೊರಡಿಸಿ, ಪೆಟ್ರೋಲ್ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕೆ ಇಳಿದಿದೆಯೆಂದೂ, ನಾಗರಿಕರು ಸಂತೋಷಪಡತಕ್ಕದ್ದೆಂದೂ ಪ್ರಕಟಿಸಿತು. ನಾವು ಸಂತೋಷಪಟ್ಟೆವು. ನಾನು ಸಂತೋಷಪಡುತ್ತ ಬಸ್ಸಿನಲ್ಲಿ ಓಡಾಡತೊಡಗಿದೆ. ಬಸ್ಸಿನವರು ಸಂತೋಷ ತಾಳಲಾರದೆ ವಾರಕ್ಕೆ ಎರಡು ದಿನ ಬಸ್ಸು ನಿಲ್ಲಿಸಿದರು.

ಡೀಸೆಲ್ ಇಲ್ಲದೆ ಲಾರಿ ನಿಂತವು, ಗೊಬ್ಬರವಿಲ್ಲದೆ ಜೋಳ ಸೊರಗಿತು, ಜೋಳವಿಲ್ಲದೆ ಕೋಳಿ. ಇದೆಲ್ಲ ನಮಗೆ ತಿಳಿದದ್ದು ಕೇಕಿನಿಂದ. ಐದನೆಯ ವಿಜಯಕ್ಕೆ ಕೇಕು ಅರ್ಧ ಗಾತ್ರಕ್ಕೆ ಬಂತು. ಎಂಟನೆಯದಕ್ಕೆ ತಲೆಗೊಂದು ಅಂಗೈಯಗಲದ ಕೇಕು. ಹನ್ನೆರಡನೆಯದಕ್ಕೆ ಉಪ್ಪು ಬಿಸ್ಕತ್ತು. ಹದಿನೈದನೆಯದಕ್ಕೆ ಮೊದಲನೆಯ ಕೇಕಿನ ಬಣ್ಣದ ಚಿತ್ರವನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ನಿಂತು ಚಪ್ಪಾಳೆ ತಟ್ಟಿದೆವು. ಚೆನ್ನಾಗಿತ್ತು.

ವರ್ನಾ ಮಾತ್ರ ಸುಮ್ಮನೆ ಕೂತಿರಲಿಲ್ಲ. ನಮೂನೆಗೆ ಇನ್ನೊಂದು ಚೌಕ ಸೇರಿಸಬೇಕೆಂದು ಮೂರನೆಯ ಯುದ್ಧದಲ್ಲೇ ಅರ್ಜಿ ಹಾಕಿದ್ದಳು. ಅದನ್ನು ನೋಡಬೇಕಾದದ್ದು ನಮೂನೆ ತಿದ್ದುಪಡಿ ಸಮಿತಿ. ಯುದ್ಧಕಾಲದಲ್ಲಿ ಯಾವ ನಮೂನೆಯನ್ನೂ ತಿದ್ದತಕ್ಕದ್ದಲ್ಲ ಎಂಬುದು ಸಮಿತಿಯ ಮೊದಲನೆಯ ನಿಯಮ. ಶಾಂತಿಕಾಲವೆಂದರೆ ಊಟದ ಹೊತ್ತು. ಊಟದ ಹೊತ್ತಿನಲ್ಲಿ ಸಭೆ ಸೇರತಕ್ಕದ್ದಲ್ಲ ಎಂಬುದು ಎರಡನೆಯ ನಿಯಮ. ಸಮಿತಿಯ ಅಧ್ಯಕ್ಷ ಆಕ್ಸ್ಲಿ ಸಾಹೇಬರು ಒಂದು ನಿಯಮವನ್ನೂ ಮುರಿದವರಲ್ಲ. ಹದಿನಾಲ್ಕನೆಯ ವಿಜಯದವರೆಗೂ ಅವಳು ಅರ್ಜಿ ಹಿಡಿದು ನಿಂತಳು, ಅವರು ಕೇಕೋ ಬಿಸ್ಕತ್ತೋ ತಿನ್ನುತ್ತ ಅಡ್ಡಡ್ಡ ತಲೆಯಾಡಿಸಿದರು.

ಕೇಕು ಚಿತ್ರವಾದ ಮೇಲೆ ಅವರ ಮನಸ್ಸು ಸ್ವಲ್ಪ ಮೆತ್ತಗಾಯಿತು.

ಹದಿನೇಳನೆಯ ವಿಜಯದ ದಿನ ವರ್ನಾ ಮನೆಯಲ್ಲಿದ್ದ ಕೊನೆಯ ನಾಲ್ಕು ಮೊಟ್ಟೆಗಳನ್ನು ಒಡೆದು ನಿಂಬೆ ಪೈ ಎಂಬ ಸಿಹಿತಿಂಡಿ ಮಾಡಿ ತಂದಳು. ಹನ್ನೆರಡೂ ಐದಕ್ಕೆ ಅದನ್ನು ಆಕ್ಸ್ಲಿ ಸಾಹೇಬರ ಮುಂದಿಟ್ಟಳು.

“ಇದು ಸಭೆ ಅಲ್ಲ ಸರ್. ಊಟ,” ಎಂದಳು.

ಆಕ್ಸ್ಲಿ ಸಾಹೇಬರು ಪೈಯನ್ನು ನೋಡಿದರು. “ಊಟ ಮಾಡ್ತಾ ಸಹಿ ಹಾಕಬಾರದು ಅಂತ ಎಲ್ಲೂ ಬರೆದಿಲ್ಲ,” ಎಂದು ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದರು. ಹನ್ನೆರಡೂ ಇಪ್ಪತ್ತಕ್ಕೆ ಎರಡನೆಯ ಚೌಕ ಮಂಜೂರಾಯಿತು.

“ಮೂರನೇದೂ ಕೊಟ್ಬಿಡಿ ಸರ್,” ಎಂದಳು ವರ್ನಾ. “ಎರಡರಲ್ಲಿ ತೊಂಬತ್ತೊಂಬತ್ತೇ ದಿನ. ಅವನಿಗೆ ನೂರೆಂಬತ್ತು ಬೇಕು.”

“ಒಂದು ಅರ್ಜಿಗೆ ಒಂದೇ ಚೌಕಮ್ಮ. ಮೂರನೇದಕ್ಕೆ ಮುಂದಿನ ಶಾಂತಿಕಾಲದಲ್ಲಿ ಬಾ. ಪೈ ತಾ.”

ಮುಂದಿನ ಶಾಂತಿಕಾಲ ತೊಂಬತ್ತೊಂಬತ್ತು ದಿನ ಆದಮೇಲೆ. ಅಲ್ಲಿಂದಾಚೆ ನೂರೆಂಬತ್ತು. ಅವಳು ಬೆರಳಿನಲ್ಲಿ ಲೆಕ್ಕ ಹಾಕಿದ್ದನ್ನು ನಾನು ನೋಡಿದೆ. ದೂರವಾದರೂ ದಾರಿಯಂತೂ ಕಂಡಿತ್ತು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ನೋಡಿ ನನಗೂ ಖುಷಿಯಾಯಿತು. ಆಗ ಫೋನ್ ರಿಂಗಾಯಿತು.

“ಟೋಬಿ, ಕೇಳಿಲ್ಲಿ, ಇನ್ನೊಂದು ಚೌಕ ಸಿಕ್ತು ಕಣೋ! ಇನ್ನು ತೊಂಬತ್ತೊಂಬತ್ತು ದಿನದ ಯುದ್ಧ.”



“ಹಾಗಾದ್ರೆ ಮುಂದಿನ ಫೋನ್ ಯಾವತ್ತಮ್ಮ?”

ವರ್ನಾ ಮತ್ತೆ ಬೆರಳು ಎಣಿಸತೊಡಗಿದಳು.

“ಹಂಗ್ ಮಾಡ್ಬೇಡಮ್ಮ,” ಎಂದ ಟೋಬಿ. “ಹೋದ್ಸಲದ ಶಾಂತಿ ಹೊತ್ತಲ್ಲೇ ಒಂದು ಅಪಘಾತ ನಮ್ಮ ಪಕ್ಕದ ಹಡಗಿಗೆ ಬಿತ್ತು. ನಂಜೊತೆ ಇಸ್ಪೀಟಾಡ್ತಿದ್ದ ಹುಡುಗ ಅದ್ರಲ್ಲಿದ್ದ. ಈ ಒಂದು ಗಂಟೆ ಬರತ್ತೆ, ನಿನ್ ಹತ್ರ ಮಾತಾಡ್ತೀನಿ ಅಂತಾನೇ ನಾನು ಒಂಬತ್ತು ದಿನ ತಳ್ಳೋದು. ತೊಂಬತ್ತೊಂಬತ್ತು ನಂಗಾಗಲ್ಲ ಕಣಮ್ಮ.”

“ಆದ್ರೆ ಮನೆಗೆ ಬರೋಕೆ ಅದೇ ದಾರಿ ಮಗನೆ.”

“ಅಲ್ಲೀವರೆಗೆ ನಾನಿರಬೇಕಲ್ಲಮ್ಮ.”

ಗಡಿಯಾರದಲ್ಲಿ ಹನ್ನೆರಡೂ ನಲವತ್ತೆಂಟು. ವರ್ನಾ ಫೋನನ್ನು ನನ್ನ ಕೈಗಿಟ್ಟು ಓಡಿದಳು. ಐವತ್ತನಾಲ್ಕು ವರ್ಷದ ಹೆಂಗಸು ಕಾರಿಡಾರಿನಲ್ಲಿ ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ನಾನು ಟೋಬಿಯನ್ನು ಊಟ ಆಯಿತಾ ಎಂದು ಕೇಳಿದೆ. ಆಯಿತಂತೆ. ಆಲೂಗಡ್ಡೆ.

ಆಕ್ಸ್ಲಿ ಸಾಹೇಬರು ಬೆರಳು ನೆಕ್ಕುತ್ತಿದ್ದರು. ಹದಿನಾಲ್ಕು ಯುದ್ಧ ಕಾದು ಪಡೆದ ಚೌಕವನ್ನು ವರ್ನಾ ಅಳುತ್ತ ರದ್ದು ಮಾಡಿಸಿದಳು. ಮಂಜೂರು ಮಾಡಲು ಇಡೀ ಪೈ ಬೇಕಾಗಿತ್ತು. ರದ್ದು ಮಾಡಲು ಏನೂ ಬೇಕಾಗಲಿಲ್ಲ.

ಒಂದು ಗಂಟೆಗೆ ಎರಡು ನಿಮಿಷವಿದ್ದಾಗ ಅವಳು ತನ್ನ ಮೇಜಿಗೆ ಬಂದು, ಕಣ್ಣೊರೆಸಿಕೊಂಡು, ಹದಿನೆಂಟನೆಯ ಯುದ್ಧದ ನಮೂನೆ ತೆಗೆದು, ಇದ್ದ ಒಂದೇ ಚೌಕದಲ್ಲಿ ‘1’ ಎಂದು ಬರೆದಳು.

ಕರ್ನಲ್ ಸಾಹೇಬರು ಅಂದು ಹೇಗೋ ಓದಿಬಿಟ್ಟರು.

“ಒಂದೇ ದಿನದಲ್ಲಿ ಗೆಲ್ಲೋಕಾಗತ್ತಾ ವರ್ನಾ?”

“ಒಂಬತ್ತು ದಿನದಲ್ಲಿ ಗೆದ್ದಿಲ್ವಾ ಸರ್?”

“ಅದೂ ನಿಜ,” ಎಂದು ಸಹಿ ಹಾಕಿದರು.

ಅಂದಿನಿಂದ ನಮ್ಮ ದೇಶ ದಿನವೂ ಗೆಲ್ಲುತ್ತಿದೆ. ಒಂದು ಗಂಟೆಗೆ ಶುರು, ಮರುದಿನ ಹನ್ನೆರಡಕ್ಕೆ ವಿಜಯ, ಆಮೇಲೆ ಟೋಬಿಯ ಫೋನ್. ಪತ್ರಿಕೆಗಳು ಹವಾಮಾನದ ಪಕ್ಕದಲ್ಲಿ ಹಾಕುತ್ತವೆ. ಇಷ್ಟು ನಿಖರವಾದ ಅಂದಾಜಿಗಾಗಿ ಕರ್ನಲ್ ಸಾಹೇಬರಿಗೆ ಪದಕ ಬಂತು. ಟೋಬಿಗೂ ಬಂತು, ಅತಿ ಹೆಚ್ಚು ಯುದ್ಧಗಳನ್ನು ಕಂಡ ಯೋಧನೆಂದು. ಇಷ್ಟು ಅನುಭವಿಯನ್ನು ಮನೆಗೆ ಕಳಿಸುವುದು ದೇಶಕ್ಕೆ ನಷ್ಟವೆಂದು ಜೊತೆಗಿದ್ದ ಪತ್ರದಲ್ಲಿ ತಿಳಿಸಿದ್ದರು. ಮೇಪಲ್ ಮರದ ಹಳದಿ ಪಟ್ಟಿ ಬಿಸಿಲಿಗೆ ಬೆಳ್ಳಗಾಯಿತು. ವರ್ನಾ ಹೊಸದು ಕಟ್ಟಿದಳು.

ಕಳೆದ ಮಂಗಳವಾರ ಹನ್ನೆರಡಕ್ಕೆ ಫೋನ್ ಬರಲಿಲ್ಲ. ಹನ್ನೆರಡೂ ಕಾಲಾಯಿತು, ಹನ್ನೆರಡೂವರೆಯಾಯಿತು. ಕೇಕಿನ ಚಿತ್ರದ ಮುಂದೆ ನಿಂತಿದ್ದ ನಾವ್ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಕ್ಸ್ಲಿ ಸಾಹೇಬರು ಕೂಡ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಹನ್ನೆರಡೂ ಐವತ್ತಾರಕ್ಕೆ ರಿಂಗಾಯಿತು.

“ಅಮ್ಮಾ, ಸಣ್ಣ ಅಪಘಾತ. ನಂಗೇನಾಗಿಲ್ಲ. ಸಾಲು ದೊಡ್ಡದಿತ್ತು ಫೋನಿಗೆ.”

“ಸರಿ ಕಣೋ.”

“ಎಷ್ಟು ದಿನ ಆಯ್ತಮ್ಮ ನಾನು ಬಂದು?”

“ಒಂದೇ ದಿನ ಕಣೋ ಮಗನೆ. ಒಂದೇ ದಿನ.”

“ಹಾಗಾದ್ರೆ ಪರವಾಗಿಲ್ಲ ಬಿಡು,” ಎಂದ ಟೋಬಿ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ವರ್ನಾ ಪೆನ್ನು ತೆಗೆದು ಮುಂದಿನ ನಮೂನೆಯ ಚೌಕವನ್ನು ತುಂಬಿದಳು. ಅಂಕಿ ಸ್ವಲ್ಪ ಸೊಟ್ಟಗಾಯಿತು. ಓದಲು ಬರುವಂತಿದ್ದರೆ ಸಾಕು ಎಂದು ಕರ್ನಲ್ ಸಾಹೇಬರು ಸಹಿ ಹಾಕಿದರು, ನಾನು ಕಡತಕ್ಕೆ ಸೇರಿಸಿದೆ.